ಹಿರಿಯರ ಗಮನ ಚುರುಕಾಗಿರಲು ದಿನಾ ಸ್ವಲ್ಪ ಅಭ್ಯಾಸ

ಮನೆಯಲ್ಲಿ ವಯಸ್ಸಾದವರಿದ್ದರೆ ಅಟ್ಟದ ಮೇಲಿರುವ ಅಳಗುಳಿಮಣೆ ಕೆಳಗಿಳಿಸಿ. 14 ಗುಳಿ, ಕೈತುಂಬ ಹುಣಸೆ ಬೀಜ. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಬೇಕು, ಎದುರಿನವರ ಗುಳಿಗಳ ಮೇಲೂ ಕಣ್ಣಿಡಬೇಕು. ಗಮನಕ್ಕೆ ಒಳ್ಳೇ ಕೆಲಸ ಅಲ್ವಾ?

ಅಮೆರಿಕದಲ್ಲಿ 65 ದಾಟಿದ ಸುಮಾರು 2,800 ಜನರ ಮೇಲೆ 'ಆಕ್ಟಿವ್' ಅನ್ನುವ ಅಧ್ಯಯನ ನಡೆದಿತ್ತು. ಒಂದರಿಂದ ಒಂದೂಕಾಲು ಗಂಟೆಯ 10 ತರಗತಿ. ಕಂಡದ್ದನ್ನು ಬೇಗ ಗುರುತಿಸುವ ಅಭ್ಯಾಸ ಮಾಡಿದವರಲ್ಲಿ ಆ ಚುರುಕು 10 ವರ್ಷದ ನಂತರವೂ ಉಳಿದಿತ್ತು. ಆದರೆ ಯಾವುದನ್ನು ಅಭ್ಯಾಸ ಮಾಡಿದರೋ ಅದರಲ್ಲೇ ಜಾಸ್ತಿ ಸುಧಾರಣೆ. ಹಾಗಾಗಿ ಒಂದೇ ಆಟ ಸಾಲದು. ಪೇಪರಿನ ಒಂದು ಕಾಲಂನಲ್ಲಿ 'ಮ' ಅಕ್ಷರ ಬಂದಲ್ಲೆಲ್ಲ ಪೆನ್ನಿನಿಂದ ಸುತ್ತು ಹಾಕಲಿ. ನೂರರಿಂದ ಏಳೇಳು ಕಳೆಯುತ್ತಾ ಬರಲಿ. ಸುಲಭ ಅನಿಸಿದ ಕೂಡಲೇ ಸ್ವಲ್ಪ ಕಷ್ಟ ಮಾಡಿ. ಬೆಳಗ್ಗೆ ಕಾಫಿ ಆದ ಮೇಲೆ 20 ನಿಮಿಷ ಸಾಕು, ಟಿವಿ ಆಫ್ ಇರಲಿ. ಪರೀಕ್ಷೆ ಥರ ಮಾಡಬೇಡಿ, ಜೊತೆಗೆ ಕೂತು ಆಡಿ.

ಇದಕ್ಕೂ ಮೊದಲು ಕಣ್ಣು, ಕಿವಿ ತೋರಿಸಿ. ಗಮನ ಇಲ್ಲ ಅಂತ ನಾವು ಬೈಯುವಾಗ ಎಷ್ಟೋ ಸಲ ಅವರಿಗೆ ಸರಿಯಾಗಿ ಕೇಳಿಸಿರುವುದೇ ಇಲ್ಲ. ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಅಂತ ಶುರುವಾದರೆ ಆಟ ಬಿಡಿ, ತಡ ಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.