ಢಾಕಾದ ವಿಡಿಯೊವನ್ನು ಹೇಗ್‌ಗೆ ಕಳಿಸಿದ್ದು ಹೀಗೆ

ಮೊದಲ ವಿಡಿಯೊದಲ್ಲೇ ನಾನು ತಪ್ಪು ಮಾಡಿದೆ. ಢಾಕಾದ ಜಾತ್ರಾಬಾಡಿಯಿಂದ ಒಬ್ಬ ಹುಡುಗ ಅದನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದ. ನಲವತ್ತು ಸೆಕೆಂಡಿನದು. ಫ್ಲೈಓವರ್ ಕೆಳಗೆ ಓಡುವ ಹುಡುಗರು, ಗುಂಡಿನ ಸದ್ದು, ರಸ್ತೆಯಲ್ಲಿ ಒಂಟಿ ಚಪ್ಪಲಿ. ನೋಡಿ ಅಳು ಬಂತು. ಸೇವ್ ಮಾಡಿಕೊಂಡು, ಸಾಕು ಅಂದುಕೊಂಡೆ. ಆದರೆ ವಾಟ್ಸ್‌ಆಪ್‌ನಲ್ಲಿ ಬರುವಾಗ ವಿಡಿಯೊ ಕುಗ್ಗುತ್ತದೆ. ಯಾವಾಗ, ಎಲ್ಲಿ ತೆಗೆದದ್ದು ಎಂಬ ವಿವರವೂ ಅಳಿಸಿಹೋಗುತ್ತದೆ. ಕೋರ್ಟಿನಲ್ಲಿ ಬೇಕಾಗುವುದೇ ಅದು.

ನಾನು ಬೆಂಗಳೂರಿನ ವಕೀಲೆ, ಓದಲು ನೆದರ್‌ಲ್ಯಾಂಡ್ಸ್‌ಗೆ ಬಂದವಳು. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಸಹಪಾಠಿ, ಅಲ್ಲಿನ ಸಾವುಗಳ ಸಾಕ್ಷ್ಯವನ್ನು ಹೇಗ್‌ನ ಕೋರ್ಟಿಗೆ ಕಳಿಸಲು ಸಹಾಯ ಕೇಳಿದಳು. ಸರ್ಕಾರಿ ಕೆಲಸದ ಮೀಸಲಾತಿ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಜುಲೈ 16ರಂದು ರಂಗಪುರದಲ್ಲಿ ವಿದ್ಯಾರ್ಥಿ ಅಬು ಸಯೀದ್ ಎರಡೂ ಕೈ ಚಾಚಿ ನಿಂತಿದ್ದಾಗ ಪೊಲೀಸರು ಗುಂಡು ಹಾರಿಸಿದರು. 18ರ ರಾತ್ರಿ ದೇಶದ ಇಂಟರ್ನೆಟ್ಟೇ ನಿಂತಿತು. ಜುಲೈ 1ರಿಂದ ಆಗಸ್ಟ್ 15ರವರೆಗೆ 1,400 ಜನರವರೆಗೂ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಆಮೇಲೆ ಅಂದಾಜು ಮಾಡಿತು. ಅವರಲ್ಲಿ ನೂರಕ್ಕೆ 12-13 ಜನ ಮಕ್ಕಳು.

ಹುಡುಗನಿಗೆ ಮತ್ತೆ ಫೋನ್ ಮಾಡಿದೆ. "ಆಪಾ (ಅಕ್ಕಾ), ಫೋನ್ ನನ್ನ ಹತ್ತಿರಾನೇ ಇದೆ" ಅಂದ. ಒರಿಜಿನಲ್ ಫೈಲನ್ನು ಟ್ರಿಮ್ ಮಾಡದೆ, ಹೆಸರು ಬದಲಾಯಿಸದೆ ಡ್ರೈವ್‌ಗೆ ಹಾಕಿಸಿದೆ. ಬಂದ ಕೂಡಲೇ ಹ್ಯಾಶ್ ತೆಗೆದು ಬರೆದಿಟ್ಟೆ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದು ಚುಕ್ಕಿ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಆಮೇಲೆ ಜಾಗ ಹುಡುಕುವ ಕೆಲಸ. ಒಂದು ಔಷಧಿ ಅಂಗಡಿಯ ಬೋರ್ಡು, ಫ್ಲೈಓವರ್ ಕಂಬದ ಮೇಲೆ ಅರ್ಧ ಹರಿದ ಪೋಸ್ಟರ್. ಅದೇ ಪೋಸ್ಟರ್ ಬೇರೆಯವರು ತೆಗೆದ ಇನ್ನೆರಡು ವಿಡಿಯೊಗಳಲ್ಲೂ ಸಿಕ್ಕಿತು. ಇದಕ್ಕೇ ಮೂರು ರಾತ್ರಿ ಹಿಡಿಯಿತು.

ಬಾಂಗ್ಲಾದೇಶ 2010ರಿಂದ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ. ಭಾರತ ಅಲ್ಲ. ಆ ಕೋರ್ಟನ್ನು ಸ್ಥಾಪಿಸಿದ ರೋಮ್ ಒಪ್ಪಂದದ 15ನೇ ವಿಧಿಯಡಿ ಯಾರು ಬೇಕಾದರೂ ಪ್ರಾಸಿಕ್ಯೂಟರ್‌ಗೆ ಮಾಹಿತಿ ಕಳಿಸಬಹುದು, ಆನ್‌ಲೈನಿನಲ್ಲೇ. ಕಷ್ಟ ಇರೋದು ಬೇರೆ ಕಡೆ. ಮಾನವೀಯತೆಯ ವಿರುದ್ಧದ ಅಪರಾಧ ಎನ್ನಲು ಒಂದು ಕೊಲೆ ತೋರಿಸಿದರೆ ಸಾಲದು. ದಾಳಿ ವ್ಯಾಪಕವಾಗಿತ್ತು ಅಥವಾ ಯೋಜಿತವಾಗಿತ್ತು, ಅದರ ಹಿಂದೆ ಸರ್ಕಾರದ ನೀತಿ ಇತ್ತು ಅಂತ ಕಾಣಬೇಕು. ಹಾಗಾಗಿ ಒಂದೊಂದೇ ಸಾವಿನ ಕಥೆ ಬರೆಯುವುದು ಬಿಟ್ಟು, ಊರು, ದಿನ, ಯಾವ ಪಡೆ, ಯಾವ ಆಯುಧ ಅಂತ ಪಟ್ಟಿ ಮಾಡಿದೆವು. ಬೇರೆ ಬೇರೆ ಊರಿನಲ್ಲಿ ಒಂದೇ ರೀತಿ ನಡೆದದ್ದು ಆಗ ಕಣ್ಣಿಗೆ ಬಿತ್ತು.

ದೇಶದ ಕೋರ್ಟೇ ಪ್ರಾಮಾಣಿಕವಾಗಿ ವಿಚಾರಣೆ ನಡೆಸಿದರೆ ಹೇಗ್ ಕೈಹಾಕುವುದಿಲ್ಲ. ಢಾಕಾದ ಅಂತರರಾಷ್ಟ್ರೀಯ ಅಪರಾಧ ನ್ಯಾಯಮಂಡಳಿ 2025ರ ನವೆಂಬರ್ 17ರಂದು, ಆ ಗುಂಡಿನ ದಿನಗಳಲ್ಲಿ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಅವರಿಗೆ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿತು. ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಇದ್ದರೂ ಅದು ಆ ದೇಶದ್ದೇ ಕೋರ್ಟು. ಸಹಪಾಠಿ ಅವತ್ತು ಫೋನ್‌ನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಆರೋಪಿ ಎದುರಿಗೆ ಕೂತು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಡ್ಡಿದ ಮೇಲೆ ಬರುವ ತೀರ್ಪನ್ನು ಅಲ್ಲಗಳೆಯುವುದು ಕಷ್ಟ, ಅಲ್ವಾ? ಹೇಗ್‌ನಲ್ಲಿ ಮರಣದಂಡನೆಯೂ ಇಲ್ಲ.

ನಾವು ಕಳಿಸಿದ್ದಕ್ಕೆ ಸ್ವೀಕೃತಿ ಬಂದಿದೆ. ಆ ಹುಡುಗನ ಫೋನ್ ಅವನ ಅಮ್ಮನ ಅಲ್ಮೇರಾದಲ್ಲಿದೆ. ಆಫ್ ಮಾಡಿ, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ತಾರೀಖು, ಸಹಿ. ಹಬ್ಬಕ್ಕೆ ಮನೆ ತೊಳೆಯುವಾಗಲೂ ಯಾರಿಗೂ ಮುಟ್ಟಲು ಬಿಡುವುದಿಲ್ಲವಂತೆ.