ಮುರಿದ ಮುಷ್ಟಿ ಮತ್ತೆ ಗ್ಲೋವ್ಸ್ ತೊಡುವವರೆಗೆ

ಬಾಕ್ಸಿಂಗ್‌ನಲ್ಲಿ ಎದುರಾಳಿ ತಲೆ ತಗ್ಗಿಸಿದ ಗಳಿಗೆಯಲ್ಲಿ ಬೀಸಿದ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ) ದವಡೆಗೆ ಬೀಳದೆ ನೆತ್ತಿಗೆ ಬಿದ್ದಾಗ, ಅಥವಾ ರಕ್ಷಣೆಗೆಂದು ಎತ್ತಿದ ಮೊಣಕೈಗೆ ತಗುಲಿದಾಗ, ಪೆಟ್ಟು ತಿನ್ನುವುದು ಹೊಡೆದವರ ಕೈಯೇ. ತಲೆಬುರುಡೆ ಎಷ್ಟು ಗಟ್ಟಿಯೋ ಅದಕ್ಕೆ ಎದುರಾಗುವ ಅಂಗೈ ಮೂಳೆಗಳು ಅಷ್ಟೇ ಸಣಕಲು. ಒಂದು ಕೈಯಲ್ಲಿ 27 ಮೂಳೆಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಗುದ್ದಿನ ಭಾರವನ್ನು ಗೆಣ್ಣಿನಿಂದ ಮಣಿಕಟ್ಟಿಗೆ ದಾಟಿಸುವವು ನಡುವಿನ ಆ ಐದು.

ಅಭ್ಯಾಸವಿಲ್ಲದವರು ಸಿಟ್ಟಿನಲ್ಲಿ ಗೋಡೆಗೆ ಗುದ್ದಿದಾಗ ಸಾಮಾನ್ಯವಾಗಿ ಕಿರುಬೆರಳಿನ ಬುಡದಲ್ಲಿರುವ ಅಂಗೈ ಮೂಳೆಯ ಕತ್ತು, ಅಂದರೆ ಗೆಣ್ಣಿನ ಕೆಳಗಿನ ಸಪೂರ ಭಾಗ, ಮುರಿಯುತ್ತದೆ. ಇದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂಬ ಹೆಸರಿದ್ದರೂ ಪಳಗಿದ ಬಾಕ್ಸರ್‌ಗಳು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳಿಂದ ಹೊಡೆಯುವುದರಿಂದ, ಅವರಲ್ಲಿ ಆ ಎರಡು ಬೆರಳುಗಳ ಸಾಲಿಗೇ ಹೆಚ್ಚು ಏಟು. ಬ್ರಿಟನ್‌ನ ಒಲಿಂಪಿಕ್ ಬಾಕ್ಸಿಂಗ್ ತಂಡವನ್ನು 2005ರಿಂದ 2012ರವರೆಗೆ ಗಮನಿಸಿದ ಅಧ್ಯಯನವೊಂದು, ಕೈ ಮತ್ತು ಮಣಿಕಟ್ಟಿನ ಗಾಯಗಳ ಪ್ರಮಾಣ ತರಬೇತಿಗಿಂತ ಸ್ಪರ್ಧೆಯಲ್ಲಿ ಹಲವು ಪಟ್ಟು ಹೆಚ್ಚು ಎಂದು ತೋರಿಸಿತು. ಮುರಿದ ದಿನದಿಂದ ಮತ್ತೆ ಸ್ಪಾರಿಂಗ್‌ಗೆ (ಜೊತೆಗಾರರೊಂದಿಗಿನ ಅಭ್ಯಾಸದ ಕಾದಾಟಕ್ಕೆ) ಇಳಿಯುವವರೆಗೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ನೋವು ಹೋಯಿತೆಂದು ಐದನೇ ವಾರಕ್ಕೇ ಬ್ಯಾಗ್ ಹೊಡೆದು, ಅದೇ ಮೂಳೆಯನ್ನು ಎರಡನೇ ಸಲ ಮುರಿದುಕೊಂಡೆ. ಈಗ ನನ್ನ ಬಳಿ ಕಲಿಯುವ ಮಕ್ಕಳಿಗೆ ಹಾಗಾಗಬಾರದೆಂಬ ಕಾಳಜಿಯೇ ಈ ಬರಹದ ಮೂಲ.

ಮೊದಲ ದಿನ

‘ಟಕ್’ ಎಂಬ ಸದ್ದು ಕೇಳಿದರೆ, ಅಥವಾ ಅಂಗೈಯ ಹಿಂಬದಿಯ ಒಂದೇ ಬಿಂದುವಿನಲ್ಲಿ ಚುಚ್ಚಿದಂಥ ನೋವು ಬಂದರೆ ಆ ಸುತ್ತನ್ನು ಅಲ್ಲಿಗೇ ನಿಲ್ಲಿಸಬೇಕು. ಊತ ಏರುವ ಮುನ್ನವೇ ಗ್ಲೋವ್ಸ್, ಪಟ್ಟಿ, ಉಂಗುರ, ಕಡಗ ಎಲ್ಲವನ್ನೂ ತೆಗೆಯಿರಿ. ಅರ್ಧ ಗಂಟೆ ಕಳೆದರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗಬಹುದು. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಕೈಯನ್ನು ಎದೆಮಟ್ಟಕ್ಕಿಂತ ಮೇಲಿರಿಸಿ.

ಬಳಿಕ ಬೆರಳುಗಳನ್ನು ನೋವು ತಡೆಯುವಷ್ಟು ಮಾತ್ರ ನಿಧಾನವಾಗಿ ಮಡಚಿ ನೋಡಿ. ಆರೋಗ್ಯವಂತ ಕೈಯಲ್ಲಿ ಮಡಚಿದ ನಾಲ್ಕೂ ಬೆರಳುಗಳು ಹೆಬ್ಬೆರಳಿನ ಬುಡದತ್ತ ಒಟ್ಟಾಗಿ ವಾಲುತ್ತವೆ. ಒಂದು ಬೆರಳು ಪಕ್ಕದ ಬೆರಳ ಮೇಲೆ ಹತ್ತಿದರೆ ಮೂಳೆ ತಿರುಚಿಕೊಂಡಿದೆ ಎಂದರ್ಥ. ಗೆಣ್ಣು ಒಳಗೆ ಕುಸಿದಂತೆ ಕಂಡರೆ ಮೂಳೆಯ ಕತ್ತು ಬಾಗಿದೆ. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದಾಗ ನೋವಾದರೆ ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆಯ ಮೇಲೆ ಅನುಮಾನ ಪಡಬೇಕು. ರಕ್ತ ಪೂರೈಕೆ ಕಡಿಮೆ ಇರುವ ಈ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ವರದಿಯಲ್ಲಿ ಏನೂ ಇಲ್ಲವೆಂದು ಬಂದರೂ ಕೈಯನ್ನು ಕದಲದಂತೆ ಕಟ್ಟಿಸಿಕೊಂಡು, 10ರಿಂದ 14 ದಿನಗಳ ನಂತರ ಮತ್ತೊಮ್ಮೆ ಎಕ್ಸ್‌ರೇ ತೆಗೆಸಬೇಕು ಅಥವಾ ವೈದ್ಯರು ಹೇಳಿದರೆ ಎಂಆರ್‌ಐ ಮಾಡಿಸಬೇಕು. ಎದುರಾಳಿಯ ಹಲ್ಲು ತಾಗಿ ಗೆಣ್ಣಿನ ಚರ್ಮ ಸೀಳಿದ್ದರೆ, ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಬಾಯಿಯ ರೋಗಾಣುಗಳು ನೇರವಾಗಿ ಕೀಲಿನೊಳಗೆ ಇಳಿದಿರುವ ಸಾಧ್ಯತೆ ಇರುತ್ತದೆ.

ನಮ್ಮ ಕಡೆಯ ಒಂದು ರೂಢಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಮೂಳೆ ಮುರಿದರೆ ಎಣ್ಣೆ ಹಚ್ಚಿ ನೀವಿಸುವುದು, ನಾಟಿ ವೈದ್ಯರಲ್ಲಿ ಬಿದಿರ ದಬ್ಬೆಯ ಕಟ್ಟು ಹಾಕಿಸುವುದು, ಆಂಧ್ರದ ಪುತ್ತೂರಿನವರೆಗೆ ಹೋಗಿ ಬರುವುದು ಗರಡಿ ಮನೆಗಳಲ್ಲೂ ಬಾಕ್ಸಿಂಗ್ ಕ್ಲಬ್‌ಗಳಲ್ಲೂ ಇಂದಿಗೂ ಇದೆ. ಆ ಹಿರಿಯರ ಕೈಗುಣದ ಮೇಲೆ ಜನರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಂಗೈ ಮೂಳೆಯ ತಿರುಚು ಕೆಲವೇ ಡಿಗ್ರಿಗಳ ಲೆಕ್ಕ, ಎಕ್ಸ್‌ರೇ ಇಲ್ಲದೆ ಅದನ್ನು ಕೈಯಿಂದ ಮುಟ್ಟಿ ಅಳೆಯಲಾಗದು. ಊದುತ್ತಿರುವ ಕೈಗೆ ಬಿಗಿ ಕಟ್ಟು ಬಿದ್ದರೆ ರಕ್ತಸಂಚಾರವೇ ನಿಲ್ಲುವ ಅಪಾಯವಿದೆ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಜಿಲ್ಲಾಸ್ಪತ್ರೆಗಳಲ್ಲಿ ಮೂಳೆ ವೈದ್ಯರಿದ್ದಾರೆ. ಮೊದಲು ಅಲ್ಲಿಗೆ ಹೋಗಬೇಕು.

ವೈದ್ಯರ ಮುಂದೆ ಹೇಳಬೇಕಾದದ್ದು

‘ನಾನು ಬಾಕ್ಸರ್, ಮತ್ತೆ ಇದೇ ಕೈಯಿಂದ ಹೊಡೆಯಬೇಕು’ ಎಂದು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ತಿಳಿಸಿ. ಇದರಿಂದ ಚಿಕಿತ್ಸೆಯ ನಿರ್ಧಾರವೇ ಬದಲಾಗಬಹುದು. ಕಿರುಬೆರಳಿನ ಬುಡದ ಕೀಲು ಸ್ವಾಭಾವಿಕವಾಗಿಯೇ ಹೆಚ್ಚು ಆಡುವುದರಿಂದ, ಅದರ ಮೂಳೆ 40 ಡಿಗ್ರಿಯಷ್ಟು ಬಾಗಿ ಕೂಡಿಕೊಂಡರೂ ದಿನನಿತ್ಯದ ಕೆಲಸಕ್ಕೆ ತೊಂದರೆಯಾಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಮೂಳೆಗಳು ಮಣಿಕಟ್ಟಿಗೆ ಬಿಗಿಯಾಗಿ ಜೋಡಿಸಿಕೊಂಡಿರುವುದರಿಂದ ಅಲ್ಲಿ 10–15 ಡಿಗ್ರಿಗಿಂತ ಹೆಚ್ಚಿನ ಬಾಗನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಿರುಚನ್ನಂತೂ ಯಾವ ಬೆರಳಿನಲ್ಲೂ ಒಪ್ಪಲಾಗದು. ಮೂಳೆ ಸಾಲಾಗಿ ನಿಲ್ಲದಿದ್ದರೆ ತಂತಿ, ಪ್ಲೇಟು ಅಥವಾ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪ್ಲೇಟು ಹಾಕಿದರೆ ಬೆರಳುಗಳನ್ನು ಬೇಗ ಆಡಿಸಲು ಅನುಕೂಲವಿದೆ, ಆದರೆ ಬೇಗ ಗುದ್ದಬಹುದು ಎಂದು ಅದರ ಅರ್ಥವಲ್ಲ.

ಪ್ಲಾಸ್ಟರ್ ಹಾಕುವಾಗ ಕೈಯನ್ನು ಇರಿಸುವ ಭಂಗಿಯೂ ಮುಖ್ಯ. ಗೆಣ್ಣಿನ ಕೀಲುಗಳು 70ರಿಂದ 90 ಡಿಗ್ರಿ ಮಡಚಿ, ಅದರಾಚೆಯ ಬೆರಳುಗಳು ನೇರವಾಗಿದ್ದರೆ ಕೀಲಿನ ಪಕ್ಕದಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್‌ಗಳು ಹಿಗ್ಗಿದ ಸ್ಥಿತಿಯಲ್ಲೇ ಉಳಿಯುತ್ತವೆ. ಗೆಣ್ಣುಗಳನ್ನು ನೇರವಾಗಿ ಚಾಚಿಸಿ ವಾರಗಟ್ಟಲೆ ಕಟ್ಟಿಟ್ಟರೆ ಆ ಲಿಗಮೆಂಟ್‌ಗಳು ಕುಗ್ಗಿಹೋಗಿ, ಮೂಳೆ ಕೂಡಿದ ಮೇಲೂ ಮುಷ್ಟಿ ಪೂರ್ತಿ ಕಟ್ಟಲು ಬಾರದು.

ಪ್ಲಾಸ್ಟರ್ ಒಳಗಿನ ವಾರಗಳು

ಅಂಗೈ ಮೂಳೆಗೆ ಸಾಮಾನ್ಯವಾಗಿ 3ರಿಂದ 4 ವಾರ ಪ್ಲಾಸ್ಟರ್ ಇರುತ್ತದೆ. ಸ್ಕೇಫಾಯ್ಡ್‌ಗೆ ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರುತ್ತಾ ಹೋದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಟ್ಟಿನಾಚೆ ಉಳಿದ ಬೆರಳು, ಮೊಣಕೈ, ಭುಜಗಳನ್ನು ದಿನಕ್ಕೆ ಹಲವು ಬಾರಿ ಆಡಿಸುತ್ತಿರಿ. ಕಾಲ್ಚಳಕದ ಅಭ್ಯಾಸ, ಹೊಟ್ಟೆ ಮತ್ತು ಬೆನ್ನಿನ ವ್ಯಾಯಾಮ ನಿಲ್ಲಬೇಕಿಲ್ಲ. ಗಾಯವಾಗದ ಕೈಗೆ ಶಕ್ತಿ ವ್ಯಾಯಾಮ ಮಾಡಿಸಿದರೆ ಕಟ್ಟಿನೊಳಗಿನ ಕೈಯ ಬಲವೂ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಬಲಗೈ ಮುರಿದವರು ಎಡಗೈ ಜಬ್ (ಮುಂದಿನ ಕೈಯ ನೇರ ಹೊಡೆತ) ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ಈ ದಿನಗಳಲ್ಲಿ ತೂಕ ಇಳಿಸಲು ಹೋಗಬೇಡಿ. ಮೂಳೆ ಕೂಡಲು ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ಹಾಲು, ಮೊಟ್ಟೆ, ಬೇಳೆ, ಸೊಪ್ಪಿನ ಜೊತೆಗೆ ನಮ್ಮ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ.

ಕಟ್ಟು ಬಿಚ್ಚಿದ ಕೈ

ಪ್ಲಾಸ್ಟರ್ ತೆಗೆದಾಗ ಹೊರಬರುವ ಕೈಯನ್ನು ನೋಡಿ ಹುಡುಗರು ಹೆದರುತ್ತಾರೆ. ಚರ್ಮ ಹೊಟ್ಟಿನಂತೆ ಏಳುತ್ತಿರುತ್ತದೆ, ಮುಂಗೈ ಮಾಂಸ ಕರಗಿ ಇನ್ನೊಂದು ಕೈಗಿಂತ ತೆಳ್ಳಗಾಗಿರುತ್ತದೆ, ಮೂಳೆ ಕೂಡಿದ ಜಾಗದಲ್ಲಿ ಕಡಲೆಯಷ್ಟು ಗಂಟು ಕೈಗೆ ಸಿಗುತ್ತದೆ. ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅಂದು ಮಧ್ಯಾಹ್ನ ಮುದ್ದೆ ಮುರಿಯಲು ಹೋಗಿ, ಬೆರಳುಗಳು ತುತ್ತಿನ ಸುತ್ತ ಮಡಚದೆ, ತಟ್ಟೆಯ ಮುಂದೆ ಸುಮ್ಮನೆ ಕೂತುಬಿಟ್ಟಿದ್ದಳು. ಮೂರು ವಾರಗಳ ಬಳಿಕ ಅದೇ ಕೈಯಿಂದ ಅವಳು ಚಪಾತಿ ಹಿಟ್ಟು ನಾದಿದಳು.

ಮೊದಲ ಎರಡು ವಾರ ಬೆಚ್ಚಗಿನ ನೀರಿನಲ್ಲಿ ಕೈಯನ್ನು ಹತ್ತು ನಿಮಿಷ ಇಟ್ಟು, ಬೆರಳುಗಳನ್ನು ನೇರ, ಕೊಕ್ಕೆ, ಅರ್ಧ ಮುಷ್ಟಿ, ಪೂರ್ಣ ಮುಷ್ಟಿ ಎಂಬ ಕ್ರಮದಲ್ಲಿ ನಿಧಾನವಾಗಿ ಆಡಿಸಬೇಕು. ಇನ್ನೊಬ್ಬರಿಂದ ಬಲವಂತವಾಗಿ ಮಡಚಿಸಬಾರದು. ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೆ ಹಿಟ್ಟು ಅಥವಾ ಮೆತ್ತನೆಯ ಚೆಂಡು ಹಿಸುಕುವುದು, ಆಮೇಲೆ ಅಕ್ಕಿ ತುಂಬಿದ ಬಕೆಟ್. ಅಕ್ಕಿಯೊಳಗೆ ಮಣಿಕಟ್ಟು ಮುಳುಗುವಷ್ಟು ಕೈ ಇಳಿಸಿ ಬೆರಳುಗಳನ್ನು ಅರಳಿಸುವುದು, ಮುಷ್ಟಿ ಕಟ್ಟುವುದು, ಎರಡೂ ಕಡೆಗೆ ತಿರುಗಿಸುವುದು. ಹಿಸುಕುವ ವ್ಯಾಯಾಮವನ್ನಷ್ಟೇ ಮಾಡುವವರು ಬೆರಳು ಅರಳಿಸುವ ಸ್ನಾಯುಗಳನ್ನು ಮರೆಯುತ್ತಾರೆ, ಅಕ್ಕಿ ಆ ಕೊರತೆಯನ್ನು ತುಂಬುತ್ತದೆ. ಹಿಡಿತದ ಬಲ ಇನ್ನೊಂದು ಕೈಯ ಬಲದ ಶೇ 90ರಷ್ಟಾಗುವವರೆಗೆ ಹೊಡೆತದ ಮಾತೇ ಬೇಡ ಎಂಬುದು ನಾನು ಅನುಸರಿಸುವ ಅಳತೆ.

ಮತ್ತೆ ಹೊಡೆಯುವ ಮುನ್ನ

ಮುರಿದ ಜಾಗದಲ್ಲಿ ಎರಡು ಮೂರು ವಾರಕ್ಕೆ ಮೃದುವಾದ ಬೆಸುಗೆ ಮೂಡುತ್ತದೆ. ಅದು ಗಟ್ಟಿ ಮೂಳೆಯಾಗಲು 6ರಿಂದ 12 ವಾರ ಬೇಕು. ಆಮೇಲೂ ತಿಂಗಳುಗಟ್ಟಲೆ ಮೂಳೆ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ನೋವು ಮಾಯವಾಗುವುದು ಈ ಲೆಕ್ಕದ ಆರಂಭದಲ್ಲೇ. ನಮ್ಮನ್ನು ಮೋಸಗೊಳಿಸುವುದೂ ಅದೇ.

ಅಷ್ಟು ಕಾಲ ತಡೆಯಲಾಗದವರು ಅಮೆರಿಕದ ಹೆವಿವೇಟ್ ಬಾಕ್ಸರ್ ಜೋ ಫ್ರೇಜಿಯರ್ ಹೆಸರು ಎತ್ತುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಎಡಗೈ ಹೆಬ್ಬೆರಳು ಮುರಿದುಕೊಂಡ ಅವರು, ಹಾಗೆಯೇ ಫೈನಲ್ ಆಡಿ ಜರ್ಮನಿಯ ಹನ್ಸ್ ಹ್ಯೂಬರ್ ವಿರುದ್ಧ ಚಿನ್ನ ಗೆದ್ದದ್ದು ನಿಜ. ಆದರೆ ಆ ಗೆಲುವು 3–2ರ ಅಂತರದ್ದು, ಫ್ರೇಜಿಯರ್ ಅವರ ದೊಡ್ಡ ಅಸ್ತ್ರವಾಗಿದ್ದ ಎಡಗೈ ಹುಕ್ ಅಂದು ಬಹುಪಾಲು ಸುಮ್ಮನಿತ್ತು, ಮತ್ತು ಅವರು ವೃತ್ತಿಪರ ಅಖಾಡಕ್ಕೆ ಇಳಿದದ್ದು 1965ರ ಆಗಸ್ಟ್‌ನಲ್ಲಿ. ಜಿಲ್ಲಾ ಮಟ್ಟದ ಬೌಟ್‌ಗಾಗಿ ಹದಿನೇಳರ ಹುಡುಗನೊಬ್ಬ ಅಂಥ ಪಣ ಒಡ್ಡುವುದನ್ನು ನಾನು ಒಪ್ಪಲಾರೆ.

ಎಕ್ಸ್‌ರೇ ನೋಡಿ ವೈದ್ಯರು ಅನುಮತಿ ಕೊಟ್ಟ ಬಳಿಕ, ಬರಿಗೈ ಶ್ಯಾಡೋ ಬಾಕ್ಸಿಂಗ್‌ನಿಂದ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವ ಅಭ್ಯಾಸದಿಂದ) ಆರಂಭಿಸಿ. ಒಂದು ವಾರದ ನಂತರ ಪಟ್ಟಿ ಸುತ್ತಿ, 16 ಔನ್ಸ್ ಗ್ಲೋವ್ಸ್ ತೊಟ್ಟು, ಕೋಚ್ ಹಿಡಿದ ಪ್ಯಾಡ್‌ಗೆ ನೇರ ಹೊಡೆತಗಳನ್ನು ಮಾತ್ರ, ಬಲದ ಕಾಲುಭಾಗದಷ್ಟೇ ಬಳಸಿ, ಒಂದು ದಿನಕ್ಕೆ ಮೂವತ್ತರಷ್ಟು ಹೊಡೆಯಿರಿ. ಎಣಿಕೆ ಮೊದಲು ಹೆಚ್ಚಲಿ, ಬಲ ಆಮೇಲೆ ಹೆಚ್ಚಲಿ, ಎರಡನ್ನೂ ಒಂದೇ ವಾರ ಏರಿಸಬೇಡಿ. ಹುಕ್‌ನಲ್ಲಿ ಮುಷ್ಟಿ ಓರೆಯಾಗಿ ಬೀಳುವ ಸಂಭವ ಹೆಚ್ಚಾದ್ದರಿಂದ ಅದು ಕೊನೆಗೆ ಬರಲಿ. ಮೆತ್ತನೆಯ ಬ್ಯಾಗ್, ನಂತರ ಭಾರದ ಬ್ಯಾಗ್, ಅದಾದ ಮೇಲೆ ಸ್ಪಾರಿಂಗ್. ಸಾಮಾನ್ಯ ಅಂಗೈ ಮುರಿತದಲ್ಲೂ ಇಷ್ಟು ದೂರ ಬರಲು ಮೂರು ತಿಂಗಳು ಹಿಡಿದರೆ ಅದನ್ನು ತಡವೆನ್ನಲಾಗದು.

ಮುರಿಯಲು ಕಾರಣವಾದ ತಪ್ಪನ್ನೂ ಈ ಹಂತದಲ್ಲೇ ಹುಡುಕಬೇಕು. ಗುರಿ ತಾಗುವ ಕ್ಷಣದಲ್ಲಿ ಮುಷ್ಟಿ ಸಡಿಲವಿತ್ತೇ, ಮಣಿಕಟ್ಟು ಒಳಗೆ ಮಡಚಿತ್ತೇ, ಹೆಬ್ಬೆರಳು ಹೊರಗೆ ಚಾಚಿತ್ತೇ ಎಂದು ಕನ್ನಡಿಯ ಮುಂದೆ ನಿಧಾನವಾಗಿ ನೋಡಿ. ಸುಮಾರು ನಾಲ್ಕೂವರೆ ಮೀಟರ್ ಉದ್ದದ ಪಟ್ಟಿಯನ್ನು ಮಣಿಕಟ್ಟಿನಲ್ಲಿ ಮೂರು ನಾಲ್ಕು ಸುತ್ತು, ಬೆರಳುಗಳ ನಡುವೆ ಒಂದೊಂದು ಸುತ್ತು, ಗೆಣ್ಣುಗಳ ಮೇಲೆ ದಪ್ಪನಾಗಿ ಸುತ್ತಬೇಕು. ಸುತ್ತುವಾಗ ಬೆರಳುಗಳನ್ನು ಅಗಲಿಸಿ ಹಿಡಿದಿದ್ದರೆ ಮಾತ್ರ ಮುಷ್ಟಿ ಕಟ್ಟಿದಾಗ ಪಟ್ಟಿ ಸರಿಯಾಗಿ ಬಿಗಿಯುತ್ತದೆ.

ಪ್ರತಿ ಅಭ್ಯಾಸದ ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕೈಗಳ ಮುಷ್ಟಿ ಕಟ್ಟಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಗೆಣ್ಣುಗಳ ನಡುವಿನ ತಗ್ಗುಗಳು ಎರಡರಲ್ಲೂ ಒಂದೇ ಥರ ಕಂಡರೆ ಅಂದಿನ ಅಭ್ಯಾಸವನ್ನು ಮುಂದುವರಿಸಬಹುದು. ಗಾಯವಾಗಿದ್ದ ಕೈಯಲ್ಲಿ ಆ ತಗ್ಗುಗಳು ಊತದಿಂದ ಮುಚ್ಚಿದ್ದರೆ, ಅಥವಾ ಹಳೆಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ನೋವು ಕಂಡರೆ, ಒಂದು ಹಂತ ಹಿಂದಕ್ಕೆ ಹೋಗಿ ವಾರವಿಡೀ ಅಲ್ಲೇ ಇರಿ. ಆಗಲೂ ಊತ ಇಳಿಯದಿದ್ದರೆ ಮತ್ತೊಂದು ಎಕ್ಸ್‌ರೇ ತೆಗೆಸಿ.