ಚಾಥಮ್ ಹಡಗುಕಟ್ಟೆ ಒಂದು ದಿನದಲ್ಲಿ ನೋಡುವುದು ಹೇಗೆ?

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಬೆಳಿಗ್ಗೆಯೇ ವೇಗದ ರೈಲು ಹಿಡಿಯಿರಿ. ಮುಕ್ಕಾಲು ಗಂಟೆಯೊಳಗೆ ಚಾಥಮ್. ಇಲ್ಲಿನ ಹಡಗುಕಟ್ಟೆ ಹಿಂದೆ ಬ್ರಿಟಿಷ್ ನೌಕಾಪಡೆಯ ಹಡಗು ಕಟ್ಟುತ್ತಿದ್ದ ಜಾಗ, ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದ ಕೂಡಲೇ ಹಗ್ಗದ ಕಾರ್ಖಾನೆಗೆ ನುಗ್ಗಿ, ಉಳಿದದ್ದು ಆಮೇಲೆ. ಸುಮಾರು 346 ಮೀಟರ್ ಉದ್ದದ ಕಟ್ಟಡ! ಎಳೆಗಳನ್ನು ನೇರವಾಗಿ ಹಾಸಿ ಹೊಸೆಯುತ್ತಾರೆ. ಹೊಸೆದಷ್ಟೂ ಹಗ್ಗದ ಉದ್ದ ಕಡಿಮೆಯಾಗುತ್ತದೆ. ಅದಕ್ಕೇ ಇಷ್ಟು ಜಾಗ. ಇಲ್ಲಿ ಈಗಲೂ ಹಗ್ಗ ತಯಾರಾಗುತ್ತದೆ, ಸುಮ್ನೆ ಪ್ರದರ್ಶನಕ್ಕಿಟ್ಟಿದ್ದಲ್ಲ.

ಆಮೇಲೆ 1962ರಲ್ಲಿ ಇಲ್ಲೇ ನೀರಿಗಿಳಿದ ಒಸಿಲಾಟ್ ಜಲಾಂತರ್ಗಾಮಿ. ದುಂಡನೆಯ ಕಿಂಡಿಗಳಲ್ಲಿ ಮೊದಲು ಒಂದು ಕಾಲು, ಆಮೇಲೆ ತಲೆ ತೂರಿಸಿ. ಮಂಡಿನೋವು ಇದ್ದವರು ಹೊರಗೇ ಕೂರುವುದು ಒಳ್ಳೆಯದು.

ಕೊನೆಗೆ ಗುಡ್ಡದ ಮೇಲಿನ ಆಮ್‌ಹರ್ಸ್ಟ್ ಕೋಟೆ. 1667ರಲ್ಲಿ ಡಚ್ಚರು ಹಡಗುಕಟ್ಟೆಯ ಪಕ್ಕದ ಮೆಡ್‌ವೇ ನದಿಯಲ್ಲೇ ನುಗ್ಗಿ ಇಂಗ್ಲಿಷರ ಹಡಗು ಸುಟ್ಟಿದ್ದರು. ಈ ಕೋಟೆ ಬಂದದ್ದು ಮುಂದಿನ ಶತಮಾನದಲ್ಲಿ, ಹಡಗುಕಟ್ಟೆಯನ್ನು ನೆಲದ ಕಡೆಯಿಂದ ಕಾಯಲು. ಸುರಂಗದೊಳಗೆ ಹೋಗುವ ಆಸೆಯಿದ್ದರೆ ಮೊದಲೇ ವಿಚಾರಿಸಿ.